ಕೊಕ್ಕರೆಯ ಕೊಕ್ಕು ಕಾಣುವ ತನಕ

ನಮ್ಮೂರಿಗೆ ಬರುವವರು ಅಂಗಡಿಯಲ್ಲಿ ಚಿಲ್ಲರೆಯನ್ನು ಬಲಗೈಯಲ್ಲಿ ಇಸಿದುಕೊಳ್ಳಬಾರದು. ಎಡಗೈ ಚಾಚಬೇಕು. ಬೇರೆ ಕಡೆ ಎಡಗೈ ಚಾಚಿದರೆ ಬೈಯುತ್ತಾರೆ, ನಮ್ಮಲ್ಲಿ ಯಾರೂ ಬೈಯುವುದಿಲ್ಲ. ಬಂದವರ ಬಲ ಅಂಗೈಯಲ್ಲಿ ಮಸಿಯಿಂದ ಒತ್ತಿದ ಶಿಕ್ಕಾ ಇರುತ್ತದೆ. ನಮ್ಮೂರಿನ ನಾಣ್ಯದ ಬಿಲ್ಲೆ ಉಜ್ಜಿದರೆ ಶಿಕ್ಕಾ ಸವೆಯುತ್ತದೆ, ಶಿಕ್ಕಾ ಸವೆದರೆ ವೀಸಾ ಮುಗಿಯಿತು. ರೊಕ್ಕವನ್ನು ಸೇತುವೆಯ ಕೌಂಟರಿನಲ್ಲಿ ಬದಲಿಸಬಾರದು, ಅಲ್ಲಿ ಹತ್ತಕ್ಕೆ ಏಳು ಬಿಲ್ಲೆ ಕೊಡುತ್ತಾರೆ. ಬಜಾರಿನ ಅರಿವೆ ಅಂಗಡಿಯಲ್ಲಿ ಒಂಬತ್ತು. ನೋಟಿನ ಮೂಲೆ ಹರಿದಿದ್ದರೆ ಎರಡೂ ಕಡೆ ಮುಟ್ಟುವುದಿಲ್ಲ, ಅಂಥದ್ದನ್ನು ಮನೆಯಲ್ಲೇ ಇಟ್ಟು ಬರಬೇಕು. ವಾಪಸ್ ಹೋಗುವ ಖರ್ಚನ್ನು ಬೇರೆ ಗಂಟು ಕಟ್ಟಿ ಸೊಂಟದಲ್ಲಿ ಇಟ್ಟುಕೊಂಡಿರಬೇಕು, ವೀಸಾ ಕಿಟಕಿಯಲ್ಲಿ ಕೇಳಿದಾಗ ತೋರಿಸಲಿಕ್ಕೆ. ಬೆವರುವ ಹೊತ್ತಿನಲ್ಲಿ ಮುಷ್ಟಿ ಕಟ್ಟಬಾರದು. ಯಾರಾದರೂ ಎದುರಾದರೆ ಕೈ ಮುಗಿಯಬಾರದು, ತಲೆ ಬಗ್ಗಿಸಿದರೆ ಸಾಕು.

ಇಷ್ಟು ಹೇಳುವುದಕ್ಕೆ ನಾನು ಒಂದು ಬಿಲ್ಲೆ ತೆಗೆದುಕೊಳ್ಳುತ್ತಿದ್ದೆ. ವೀಸಾ ಕಿಟಕಿಯ ಎದುರಿಗೆ ಒಂದು ಸ್ಟೂಲ್ ಹಾಕಿಕೊಂಡು ಕೂರುವುದೇ ನನ್ನ ಉದ್ಯೋಗ. ಏಳನೆಯ ಇಯತ್ತೆಯಲ್ಲಿ ಮಾಸ್ತರರು ಹಿಡಿದ ಬೆತ್ತವನ್ನು ಕಸಿದು ಮುರಿದು ಹೊರಗೆ ಬಂದವನು, ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಕಿಟಕಿಯ ಆಚೆ ಕುರ್ಚಿಯಲ್ಲಿ ಕೂತು ಶಿಕ್ಕಾ ಒತ್ತುತ್ತಿದ್ದ ಗುರುಶಾಂತ ಅದೇ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವನು. ನನ್ನ ಲೆಕ್ಕ ನೋಡಿ ಬರೆದು ಪಾಸಾದವನು. ಆತನಿಗೆ ಫ್ಯಾನಿತ್ತು, ನನಗೆ ಬೇವಿನ ಗಿಡದ ಅರ್ಧ ನೆರಳಿತ್ತು. ಅದೂ ಮಧ್ಯಾಹ್ನದ ತನಕ.

ಶಿಕ್ಕಾದಲ್ಲಿ ಒಂಟಿ ಕಾಲಿನ ಮೇಲೆ ನಿಂತ ಕೊಕ್ಕರೆಯಿತ್ತು. ಅದರ ಕೊಕ್ಕು ಕಾಣುವ ತನಕ ಪರವೂರಿನವರು ನಮ್ಮಲ್ಲಿ ಇರಬಹುದು. ಸೋಮವಾರಕ್ಕೊಮ್ಮೆ ಕಿಟಕಿಗೆ ಬಂದು ಕೈ ತೋರಿಸಬೇಕು. ಕೊಕ್ಕು ಅಳಿಸಿದ ದಿನ ಸಂಜೆಯ ಗಂಟೆ ಬಾರಿಸುವುದರೊಳಗೆ ಸೇತುವೆ ದಾಟಬೇಕು, ದಾಟಿದ ಮೇಲೆ ಒಂದು ವರ್ಷ ಈ ಕಡೆ ಕಾಲಿಡುವಂತಿಲ್ಲ. ಊರು ಇದಕ್ಕೆ ಎಂದೋ ಒಗ್ಗಿಕೊಂಡಿತ್ತು. ಖಾನಾವಳಿಗಳಲ್ಲಿ ಶಿಕ್ಕಾದವರ ಮುಂದೆ ಕೇಳದೆಯೇ ಚಮಚ ಇಡುತ್ತಿದ್ದರು. ಬಸ್ಸಿನಲ್ಲಿ ಅವರಿಗೆ ಸೀಟು ಬಿಡುತ್ತಿದ್ದರು, ಮೇಲಿನ ಕಂಬಿ ಹಿಡಿದು ನಿಲ್ಲಲು ಆಗುವುದಿಲ್ಲವಲ್ಲ. ಈರಣ್ಣನ ಲಾಡ್ಜಿನಲ್ಲಿ ಒಬ್ಬ ಸಾಹೇಬ ಮೂರು ವರ್ಷದಿಂದ ಇದ್ದ. ಆತನಿಗೆ ಬಾಳೆಹಣ್ಣು ಸುಲಿದು ಕೊಡಲಿಕ್ಕೆ ಒಬ್ಬ, ಅಂಗಿಯ ಗುಂಡಿ ಹಾಕಲಿಕ್ಕೆ ಒಬ್ಬ. ಆತನ ಕೊಕ್ಕರೆ ನಿನ್ನೆ ಒತ್ತಿದ ಹಾಗೆ ಕಪ್ಪಗೆ ಮಿಂಚುತ್ತಿತ್ತು. ಕಾಲುವೆ ತೋಡಲು ಬಂದವರ ಕೊಕ್ಕರೆ ನಾಲ್ಕನೆಯ ದಿನಕ್ಕೆ ಗುದ್ದಲಿಯ ಕಾವಿಗೆ ಹತ್ತಿ ಹೋಗುತ್ತಿತ್ತು. ಗುತ್ತೇದಾರ ಐದನೆಯ ದಿನಕ್ಕೆ ಬೇರೆ ಆಳುಗಳನ್ನು ಕರೆಸುತ್ತಿದ್ದ. ಊರಿಗೆ ಊರೇ ಇದನ್ನು ನೋಡಿಕೊಂಡು ಸುಮ್ಮನಿತ್ತು. ನನಗೆ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ. ಆದರೆ ಆಗ ನನ್ನ ಹೊಟ್ಟೆ ತುಂಬುತ್ತಿದ್ದುದು ಲಾಡ್ಜಿನವರು ಕೊಡುವ ಬಿಲ್ಲೆಗಳಿಂದಲೇ.

ಹೊಳೆವ್ವ ಬಂದದ್ದು ನಾಲ್ಕು ವರ್ಷದ ಹಿಂದೆ, ಜೋಳದ ರಾಶಿ ಮುಗಿದ ಹೊಸತರಲ್ಲಿ. ನನಗಾಗ ಇಪ್ಪತ್ತು, ಆಕೆಗೆ ನಲವತ್ತರ ಆಸುಪಾಸು. ಎಡ ಹೆಗಲಿಗೆ ಒಂದು ಚೀಲ, ಬಲ ಅಂಗೈಯಲ್ಲಿ ಇನ್ನೂ ಹಸಿ ಇರುವ ಕೊಕ್ಕರೆ. ಎಲ್ಲರಂತೆ ಅದನ್ನು ಊದುತ್ತ ನಿಂತಿದ್ದಳು.

"ಊದಬ್ಯಾಡ್ರಿ ಅಕ್ಕಾರ, ಉಗುಳು ಸಿಡಿತೈತಿ. ನೆರಳಾಗ ಹಿಡೀರಿ, ತಾನಾಗೇ ಒಣಗತೈತಿ," ಎಂದೆ.

"ನೀ ಯಾರೋ ತಮ್ಮಾ?"

"ದ್ಯಾಮಣ್ಣ. ಇಲ್ಲಿ ಹೆಂಗ ಇರಬೇಕು, ರೊಕ್ಕ ಎಲ್ಲಿ ಬದಲಿಸಬೇಕು, ಎಲ್ಲಾ ಹೇಳ್ತೀನಿ. ಒಂದು ಬಿಲ್ಲೆ."

"ಅಯ್ಯ, ಬಾಯಿ ಮಾತಿಗೂ ರೊಕ್ಕಾ?"

"ಕೇಳದ ಹೋದ್ರ ಇದಕ್ಕಿಂತ ಹೆಚ್ಚು ಹೋಗತೈತ್ರಿ. ಎಷ್ಟು ದಿನಾ ಇರಬೇಕಂತೀರಿ?"

ಆಕೆ ಚೀಲ ಇಳಿಸಿದಳು. "ಹಗ್ಗದವರ ಓಣ್ಯಾಗ ನಮ್ಮ ಅಕ್ಕ ಇರತಾಳ, ಫಕೀರವ್ವ ಅಂತ. ಲಕ್ವಾ ಹೊಡದೈತಿ ಆಕಿಗೆ, ಒಂದು ಮಗ್ಗಲಾ ಪೂರಾ ಹೋಗೇತಿ. ಗಂಡ ಇಲ್ಲ, ಮಕ್ಕಳಿಲ್ಲ. ಆಕಿ ಇರೂ ತನಕ ನಾ ಇರಬೇಕು."

"ಕೆಲಸ ಯಾರು ಮಾಡವರು?"

"ಮತ್ತ್ಯಾರ ಮಾಡತಾರ? ರೊಟ್ಟಿ ಬಡಿಯೂದು, ಮೈ ತೊಳಿಯೂದು, ಹಾಸಿಗಿ ಒಗಿಯೂದು, ಎಲ್ಲಾ ನಾನ."

ನಾನು ಮನಸ್ಸಿನಲ್ಲೇ ಎಣಿಸಿದೆ. ಆರು ದಿನ. ಬಹಳವಾದರೆ ಏಳು. ಅದನ್ನು ಬಾಯಿಬಿಟ್ಟು ಹೇಳಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಹೇಳಲಿಲ್ಲ. ನನ್ನ ಹತ್ತಿರ ಇಲ್ಲದ ಉಪಾಯವಿಲ್ಲ ಎಂಬ ಸೊಕ್ಕು ನನಗಿತ್ತು. ಜಾಲಿ ಅಂಟನ್ನು ನೀರಿನಲ್ಲಿ ಕರಗಿಸಿ ಶಿಕ್ಕಾದ ಮೇಲೆ ಎರಡು ಸಲ ಬಳಿದು ಒಣಗಿಸಿದರೆ ಗಾಜಿನಂಥ ಪೊರೆ ಕಟ್ಟುತ್ತದೆ, ಬೆವರು ಒಳಗೆ ಇಳಿಯುವುದಿಲ್ಲ. ಲಾಡ್ಜಿನ ಸಾಹೇಬನಿಗೆ ಅದನ್ನು ಹೇಳಿಕೊಟ್ಟವನು ನಾನೇ. ಕೆಲಸ ಮಾಡುವ ಕೈಗೆ ಅದನ್ನು ಹಚ್ಚಿ ನೋಡಿರಲಿಲ್ಲ. ಕೆಲಸದವರು ಸ್ಟೂಲಿನ ಹತ್ತಿರ ನಿಂತು ಕೇಳುವಷ್ಟು ಹೊತ್ತು ಊರಿನಲ್ಲಿ ಇರುತ್ತಲೇ ಇರಲಿಲ್ಲ. ಹೊಳೆವ್ವನ ಅಂಗೈ ಹಿಡಿದು ನಾನೇ ಅಂಟು ಬಳಿದೆ. ಗೀರುಗೀರಾದ, ಬೆರಳಿನ ಬುಡಗಳೆಲ್ಲ ಜಡ್ಡುಗಟ್ಟಿದ ಕೈ. "ಇನ್ನ ಆರು ತಿಂಗಳು ಚಿಂತಿಲ್ಲ" ಎಂದು ಬಿಲ್ಲೆ ಇಸಿದುಕೊಂಡೆ.

ಮೂರನೆಯ ದಿನ ಬೆಳಿಗ್ಗೆ ಆಕೆ ಬಂದು ನನ್ನ ಮುಂದೆ ಒಂದು ಅರಿವೆಯ ಗಂಟನ್ನು ಬಿಚ್ಚಿದಳು. ಒಳಗೆ ಜೋಳದ ರೊಟ್ಟಿ. ರೊಟ್ಟಿಯ ನಡುವೆ ಕೊಕ್ಕರೆಯ ಕಾಲು, ಹೊಟ್ಟೆ, ಬಾಲ. ಬಿಸಿ ಎಸರಿನ ಹಿಟ್ಟು ಮಿದಿಯುವಾಗ ಅಂಟು ಉಬ್ಬಿ, ರೊಟ್ಟಿ ತಟ್ಟುವಾಗ ಪೊರೆ ಎದ್ದು, ಶಿಕ್ಕಾವನ್ನೂ ಎಳೆದುಕೊಂಡು ಹೋಗಿತ್ತು. ಅಂಗೈಯಲ್ಲಿ ಉಳಿದದ್ದು ಕುತ್ತಿಗೆ ಮತ್ತು ಕೊಕ್ಕು.

"ಇದರದೂ ಒಂದು ಬಿಲ್ಲೆ ಕೊಡಬೇಕೇನೋ?" ಎಂದಳು.

ಕಿಟಕಿಯಿಂದ ಗುರುಶಾಂತ ಇಣುಕಿದ. "ಏ ದ್ಯಾಮ್ಯಾ, ರೊಟ್ಟಿಗೂ ವೀಸಾ ಕೊಡಸ್ತೀಯೇನಲೇ? ಅರ್ಜಿ ಬರಿಸು ಮತ್ತ, ತಂದಿ ಹೆಸರು ಜ್ವಾಳ ಅಂತ ಹಾಕು."

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಹೊಳೆವ್ವ ನಗಲಿಲ್ಲ, ಅಳಲೂ ಇಲ್ಲ. ರೊಟ್ಟಿಯನ್ನು ಮತ್ತೆ ಸುತ್ತಿಕೊಂಡು ಹೊರಟಳು. ನಾನು ವಾಪಸ್ ಕೊಡಲು ಬಿಲ್ಲೆ ಹಿಡಿದುಕೊಂಡು ಹಿಂದೆ ಹಿಂದೆ ಹೋದೆ. ತೆಗೆದುಕೊಳ್ಳಲಿಲ್ಲ. ಬಜಾರು ದಾಟಿದೆ, ಹಗ್ಗದವರ ಓಣಿ ಬಂತು, ಆಗಲೂ ತೆಗೆದುಕೊಳ್ಳಲಿಲ್ಲ. ಹಾಗೇ ಮನೆಯ ಒಳಗೇ ಹೋಗಿಬಿಟ್ಟೆ.

ಒಂದೇ ಅಂಕಣದ ಮನೆ. ಹೊರಸಿನ ಮೇಲೆ ಫಕೀರವ್ವ ಮಲಗಿದ್ದಳು. ಬಾಯಿ ಒಂದು ಕಡೆ ವಾರೆಯಾಗಿತ್ತು, ಕಣ್ಣು ಮಾತ್ರ ಚುರುಕು. ಮಾತು ತೊದಲುತ್ತಿತ್ತು, ಕಿವಿಗೊಟ್ಟರೆ ತಿಳಿಯುತ್ತಿತ್ತು. ಆ ರೊಟ್ಟಿಯೇ ಬೇಕು ಎಂದಳು. ಹೊಳೆವ್ವ ಎಡಗೈಯಲ್ಲಿ ಮುರಿದು, ಮಜ್ಜಿಗೆಯಲ್ಲಿ ನೆನೆಸಿ ಬಾಯಿಗಿಟ್ಟಳು. ಕೊಕ್ಕರೆಯ ಹೊಟ್ಟೆಯನ್ನು ನಿಧಾನಕ್ಕೆ ಜಗಿದು ನುಂಗಿ, "ಸರಕಾರಕ್ಕ ಉಪ್ಪಽ ಇಲ್ಲ ನೋಡ" ಎಂದಳು.

ನನಗೆ ನಗು ಬಂತು. ನಗುವಾಗಲೇ ಮೂಲೆಯಲ್ಲಿ ಬಿದ್ದ ಮುಸುರೆಯ ರಾಶಿ ಕಂಡಿತು, ಒದ್ದೆ ಹಾಸಿಗೆ ಕಂಡಿತು, ಖಾಲಿ ಕೊಡ ಕಂಡಿತು. ಹೊಳೆವ್ವ ಆ ಕೊಡಕ್ಕೆ ಕೈ ಹಾಕುತ್ತಿದ್ದಳು. ಹೋಗಿ ಕಸಿದುಕೊಂಡೆ. ನನ್ನ ಕೈಯಲ್ಲಿ ಶಿಕ್ಕಾ ಇರಲಿಲ್ಲ. ನಾನು ಇದೇ ಊರಿನವನು, ನನ್ನ ಕೈ ಸವೆದರೆ ಕೇಳುವವರಿಲ್ಲ. ಆರು ವರ್ಷ ನೂರಾರು ಮಂದಿಗೆ ಕೈ ಉಳಿಸಿಕೊಳ್ಳುವ ದಾರಿ ಹೇಳಿದ್ದೆ. ಬಲಗೈ ಮಡಚಬೇಡಿ, ಬಿಸಿ ಮುಟ್ಟಬೇಡಿ, ಇದನ್ನು ಮಾಡಬೇಡಿ, ಅದನ್ನು ಮಾಡಬೇಡಿ. ತಾರ್ರಿ, ನಾ ಮಾಡ್ತೀನಿ ಎಂದು ಒಬ್ಬರಿಗೂ ಹೇಳಿರಲಿಲ್ಲ.

ಅಂದಿನಿಂದ ಬೆಳಿಗ್ಗೆ ಸ್ಟೂಲು, ಹನ್ನೊಂದರ ಮೇಲೆ ಹಗ್ಗದವರ ಓಣಿ. ಪಕ್ಕದ ಮನೆಯ ತಂಗೆವ್ವ ಫಕೀರವ್ವನ ಮೈ ತೊಳೆದುಕೊಡಲು ಒಪ್ಪಿದಳು, ಉಳಿದದ್ದೆಲ್ಲ ನನ್ನದು. ನೀರು ತಂದೆ, ಹಾಸಿಗೆ ಒಗೆದೆ, ಎರಡು ತಾಸಿಗೊಮ್ಮೆ ಫಕೀರವ್ವನ ಮಗ್ಗುಲು ಬದಲಿಸಿದೆ. ರೊಟ್ಟಿ ಬಡಿಯುವುದನ್ನು ಹೊಳೆವ್ವ ಕೂತಲ್ಲಿಂದಲೇ ಕಲಿಸಿದಳು.

"ಯಾರ ಮ್ಯಾಲ ಸಿಟ್ಟೋ ಅದಕ? ಹೊಡಿಯಾಕತ್ತಿಯಲ್ಲ. ತಟ್ಟಬೇಕು. ತಟ್ಟಿ ತಿರುಗಸು. ತಿರುಗಸೋ! ಅಯ್ಯ ನನ್ನ ಶಿವನ, ಇದ್ಯಾವ ಊರಿನ ನಕಾಶಿ?"

"ತಿನ್ನಾಕ ಬೇಕ್ರೀ ಇಲ್ಲಾ ಗ್ವಾಡಿಗೆ ತೂಗ ಹಾಕಾಕ ಬೇಕ್ರೀ?"

"ತಿನ್ನಾಕ ಬರಂಗಿಲ್ಲ, ಅದಕ್ಕ ತೂಗ ಹಾಕೂನಂತ."

ಹೊರಸಿನಿಂದ ಫಕೀರವ್ವ ಖೊಕ್ ಖೊಕ್ ಎಂದು ನಗುತ್ತಿದ್ದಳು. ಎರಡು ವಾರಕ್ಕೆ ರೊಟ್ಟಿ ಗುಂಡಗಾಯಿತು, ತಿಂಗಳಿಗೆ ಉಬ್ಬತೊಡಗಿತು. ಓಣಿಯವರು ಸುಮ್ಮನಿರುತ್ತಾರೆಯೇ? ಒಗೆಯುವ ಕಲ್ಲಿನ ಮೇಲೆ ನಾನು ಸೀರೆ ಕುಸುಬುವಾಗ ಹಗ್ಗ ಹೊಸೆಯುವ ಭರಮಪ್ಪ ಎಲ್ಲರಿಗೂ ಕೇಳುವಂತೆ, "ದ್ಯಾಮವ್ವ, ನಮ್ಮ ಧೋತರಾನೂ ಒಂದು ಒಗದ ಕೊಡವಾ" ಎಂದ. ಹಸಿ ಸೀರೆಯಿಂದಲೇ ಆತನ ಮುಖಕ್ಕೆ ಬೀಸಿದೆ. ಜಗಳವಾಯಿತು. ಮರುದಿನ ಆತನ ಹೆಂಡತಿ ಒಂದು ಚೆಂಬು ಹಾಲು ತಂದಿಟ್ಟು ಹೋದಳು.

ಸೋಮವಾರ ಸೋಮವಾರ ಕಿಟಕಿಗೆ ಹೋಗುತ್ತಿದ್ದೆವು. ಗುರುಶಾಂತ ಭೂತಗನ್ನಡಿ ಹಿಡಿದು ನೋಡುತ್ತಿದ್ದ. "ಕುತ್ತಿಗಿ ಸಣ್ಣಾಗೇತಿ. ಕೊಕ್ಕು ಐತಿ. ಹೋಗ್ರಿ," ಎನ್ನುತ್ತಿದ್ದ. ಬರುವಾಗ ಬಜಾರಿನಲ್ಲಿ ಹೊಳೆವ್ವ ನನಗೆ ಭಜಿ ಕೊಡಿಸುತ್ತಿದ್ದಳು, ತಾನು ಚಮಚದಲ್ಲಿ ಅವಲಕ್ಕಿ ತಿನ್ನುತ್ತಿದ್ದಳು. ಚಮಚದಲ್ಲಿ ತಿಂದರೆ ಊಟ ಹೊಟ್ಟೆಗೆ ಗೊತ್ತೇ ಆಗುವುದಿಲ್ಲ ಎಂದು ಆಕೆಯ ತಕರಾರು. ಆ ನಾಲ್ಕು ತಿಂಗಳಿನಂಥ ದಿನಗಳು ನನಗೆ ಮತ್ತೆ ಸಿಗಲಿಲ್ಲ. ನನಗೆ ಅವ್ವ ಸಣ್ಣಂದಿನಲ್ಲೇ ಇರಲಿಲ್ಲ. ಒಬ್ಬರು ಬೈದು ಊಟಕ್ಕೆ ಕೂಡಿಸುವುದು ಎಂದರೇನು ಎಂದು ಇಪ್ಪತ್ತನೆಯ ವಯಸ್ಸಿಗೆ ತಿಳಿಯಿತು. ಮಧ್ಯಾಹ್ನ ಒಲೆ ಆರಿದ ಮೇಲೆ ಮೂವರೂ ಕೂತು ಮಾತಾಡುತ್ತಿದ್ದೆವು. ಆಚೆ ದಂಡೆಯ ತಮ್ಮ ಊರಿನಲ್ಲಿ ಅಕ್ಕತಂಗಿಯರು ಕದ್ದು ತಿಂದ ಪೇರಲ, ಒಂದೇ ಲಂಗವನ್ನು ಇಬ್ಬರೂ ಪಾಳಿ ಹಚ್ಚಿ ಉಟ್ಟದ್ದು, ಫಕೀರವ್ವ ಮದುವೆಯಾಗಿ ಸೇತುವೆ ದಾಟಿದ ದಿನ ಹೊಳೆವ್ವ ಗಾಡಿಯ ಹಿಂದೆ ಓಡಿದ್ದು. "ಸೇತುವಿ ನಡುವ ತನಕ ಬಂದ್ಲು," ಎನ್ನುತ್ತಿದ್ದಳು ಫಕೀರವ್ವ, "ಅಲ್ಲಿ ಪೊಲೀಸ ಹಿಡಕೊಂಡ. ಅವನ ಕೈ ಕಚ್ಚಿದ್ಲು."

ಆದರೆ ಆ ಮಾತಿನ ಹೊತ್ತಿನಲ್ಲೂ ಹೊಳೆವ್ವನ ಬಲಗೈ ಮೊಣಕಾಲಿನ ಮೇಲೆ ಅಂಗೈ ಮೇಲಾಗಿ ಬಿದ್ದಿರುತ್ತಿತ್ತು, ಯಾರೋ ಏನೋ ಹಾಕಲಿ ಎಂದು ಚಾಚಿದಂತೆ. ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ. ಆಕೆಗೂ ಆಗುತ್ತಿರಲಿಲ್ಲ. ಎಡಗೈಯಿಂದ ಅಕ್ಕನ ಹಣೆ ಒರೆಸುತ್ತಿದ್ದಳು, ಎಡಗೈಯಿಂದ ತಲೆ ಬಾಚುತ್ತಿದ್ದಳು. ಒಂದು ಕೈಯಿಂದ ಹೆರಳು ಬರುವುದಿಲ್ಲ. ಫಕೀರವ್ವನ ಕೂದಲು ಗಂಟುಗಂಟಾಗಿ ಬಿದ್ದಿರುತ್ತಿತ್ತು. ತಂಗೆವ್ವ ಎಣ್ಣೆ ಹಚ್ಚಲು ಬಂದರೆ ತಲೆ ಆ ಕಡೆ ಹೊರಳಿಸುತ್ತಿದ್ದಳು.

"ಹೊಳೀ, ನೀ ಹಚ್ಚ," ಎನ್ನುತ್ತಿದ್ದಳು. "ಎರಡೂ ಕೈಲೆ. ಅವ್ವ ಹಚ್ಚತಿದ್ಲಲ್ಲ, ಹಂಗ."

"ಎಣ್ಣಿ ಹತ್ತಿದ್ರ ಕೊಕ್ಕು ಉಳಿಯೂದಿಲ್ಲ ಯಕ್ಕಾ. ಮುಂದ ಹಚ್ಚತೀನಿ."

"ಮುಂದ ಯಾವಾಗ?"

ಫಕೀರವ್ವ ದಿನಾ ಕೇಳುತ್ತಿದ್ದಳು, ದಿನಾ ಈಕೆ ಇಲ್ಲ ಎನ್ನುತ್ತಿದ್ದಳು. ನಾನು ಹೊಳೆವ್ವನ ಪರವಾಗಿಯೇ ಇದ್ದೆ. "ಆಯೀ, ಹಟಾ ಮಾಡಬ್ಯಾಡ. ಎಣ್ಣಿ ದೊಡ್ಡದೋ ತಂಗಿ ಇರೂದು ದೊಡ್ಡದೋ?" ಎಂದು ಫಕೀರವ್ವನನ್ನು ಗದರಿಸುತ್ತಿದ್ದೆ. ಆಕೆ ನನ್ನನ್ನೇ ನೋಡುತ್ತಿದ್ದಳು, ನನಗೆ ಏನೂ ತಿಳಿಯುವುದಿಲ್ಲ ಎನ್ನುವ ಹಾಗೆ.

ನಾಲ್ಕು ತಿಂಗಳ ಮೇಲೆ ಒಂದು ವಾರವಾಗಿತ್ತು. ಗುರುವಾರ. ನಾನು ಕೌದಿ ಒಗೆದು ಹೆಗಲ ಮೇಲೆ ಹಾಕಿಕೊಂಡು ಬಂದೆ. ಬಾಗಿಲಿನಲ್ಲೇ ಕೊಬ್ಬರಿ ಎಣ್ಣೆಯ ವಾಸನೆ ಬಂತು. ಹೊಳೆವ್ವ ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದಳು, ಅಕ್ಕನ ತಲೆ ತೊಡೆಯ ಮೇಲೆ. ಎರಡೂ ಕೈಗಳು ಕೂದಲಿನ ಒಳಗೆ. ಹತ್ತೂ ಬೆರಳು ನೆತ್ತಿಯಿಂದ ಹಿಂದಕ್ಕೆ, ಹಿಂದಿನಿಂದ ಕಿವಿಯ ಕಡೆಗೆ, ಕಿವಿಯಿಂದ ಮತ್ತೆ ನೆತ್ತಿಗೆ. ಬಟ್ಟಲು ಖಾಲಿಯಾಗಿತ್ತು. ಬಹಳ ಹೊತ್ತಿನಿಂದ ನಡೆದಿತ್ತು ಎಂದು ಕಾಣುತ್ತದೆ. ಫಕೀರವ್ವ ಕಣ್ಣು ಮುಚ್ಚಿದ್ದಳು.

ಕೌದಿ ನೆಲಕ್ಕೆ ಬಿತ್ತು. "ಏನ್ ಮಾಡಾಕತ್ತೀರಿ?"

"ಎಣ್ಣಿ ಹಚ್ಚಾಕತ್ತೀನಿ."

"ಕೈ ತೋರಸ್ರಿ."

ತೋರಿಸಿದಳು. ಎಣ್ಣೆಯಲ್ಲಿ ಹೊಳೆಯುತ್ತಿತ್ತು. ಕುತ್ತಿಗೆಯೂ ಇಲ್ಲ, ಕೊಕ್ಕೂ ಇಲ್ಲ. ಬೆಳ್ಳನೆಯ ಜಡ್ಡು, ಗೀರುಗಳು ಅಷ್ಟೆ.

ಬಾಯಿಗೆ ಬಂದದ್ದು ಅಂದೆ. ನಾಲ್ಕು ತಿಂಗಳು ನಾನು ಸೀರೆ ಒಗೆದದ್ದು, ಹೊಲಸು ಬಳಿದದ್ದು, ಊರೆಲ್ಲ ದ್ಯಾಮವ್ವ ಎಂದದ್ದು ಯಾವುದಕ್ಕೆ, ಆ ಒಂದು ಕೊಕ್ಕಿಗೆ ಅಲ್ಲವೇ ಎಂದೆ. ಅದನ್ನು ಒಂದು ಬಟ್ಟಲು ಎಣ್ಣೆಗೆ ಹಾಕಿದಿರಲ್ಲ ಎಂದೆ. ಇನ್ನೂ ಎರಡು ತಿಂಗಳು, ಜತನ ಮಾಡಿದ್ದರೆ ಮೂರು ತಿಂಗಳು ಬರುತ್ತಿತ್ತು ಎಂದೆ.

ಹೊಳೆವ್ವ ಕೂದಲನ್ನು ಮೂರು ಕಾಲು ಮಾಡಿ ಹೆರಳು ಹಾಕತೊಡಗಿದಳು. "ಆಕಿ ನನ್ನ ಕಡೆ ಕೇಳಿದ್ದು ಇದೊಂದ. ಬ್ಯಾರೆ ಏನೂ ಕೇಳಿಲ್ಲ. ನಾಲ್ಕು ತಿಂಗಳು ಇಲ್ಲಾ ಅಂದೆ."

"ನಾಳೆ ಆಕಿಗೆ ಹೆಚ್ಚುಕಮ್ಮಿ ಆದ್ರ? ನೀವು ಇರಾಕ ಬಂದವರು. ಆಕಿ ಇರೂ ತನಕ ಇರತೀನಿ ಅಂದವರು!"

"ಇದ್ದೆನೇನೋ ದ್ಯಾಮಣ್ಣ? ನೀ ಇದ್ದಿ. ರೊಟ್ಟಿ ನೀ ಬಡದಿ, ಮಗ್ಗಲಾ ನೀ ತಿರುವಿದಿ. ನಾ ಕುಂತು ಕೈ ಕಾದೆ. ಲಾಡ್ಜಿನ್ಯಾಗಿನವನಂಗ."

ಉತ್ತರ ಹೊಳೆಯದಿದ್ದರೆ ನನ್ನ ಸಿಟ್ಟು ಇನ್ನೂ ಏರುತ್ತದೆ, ಅದು ನನ್ನ ಹುಟ್ಟುಗುಣ. "ನಾನೂ ನಾಳಿಂದ ಬರಂಗಿಲ್ಲ. ನೋಡಕೊಳ್ರಿ," ಎಂದೆ.

"ಬರತಿ," ಎಂದಳು, ತಲೆ ಎತ್ತದೆ. ಹೆರಳಿನ ತುದಿಗೆ ದಾರ ಕಟ್ಟುತ್ತಿದ್ದಳು.

ಒದ್ದೆ ಕೌದಿ ಎತ್ತಿಕೊಂಡು ಹೊರಗೆ ಹೋದೆ. ಮಣ್ಣಾಗಿತ್ತು, ಮತ್ತೆ ಒಗೆಯಬೇಕಿತ್ತು. ಕಲ್ಲಿನ ಹತ್ತಿರ ಹೋಗಿ ಕುಕ್ಕಿದೆ. ಹೊತ್ತು ಇಳಿಯುತ್ತ ಬಂತು. ತಂಗೆವ್ವ ಎರಡು ಸಲ ಬಂದು, "ಹೊಂಟಾಳಪಾ, ಸೇತುವಿ ತನಕರ ಹೋಗಿ ಕಳಿಸಿ ಬಾ," ಎಂದಳು. ನಾನು ಕಿವಿ ಕೇಳಿಸದವನ ಹಾಗೆ ಕೌದಿ ಬಡಿದೆ. ಎರಡನೆಯ ಸಲ, "ಚೀಲಾ ಬಲಗೈಯಾಗ ಹಿಡಕೊಂಡಾಳ ನೋಡ," ಎಂದು ಹೇಳಿ ಹೋದಳು. ತಿರುಗಿ ನೋಡಲಿಲ್ಲ. ಆಮೇಲೆ ಸೇತುವೆಯ ಗಂಟೆ ಬಾರಿಸಿತು. ಕೌದಿಯಲ್ಲಿ ಮಣ್ಣು ಎಂದೋ ಹೋಗಿತ್ತು, ನಾನು ಬಡಿಯುತ್ತಲೇ ಇದ್ದೆ.

ಫಕೀರವ್ವ ಮುಂದೆ ಐದು ತಿಂಗಳು ಇದ್ದಳು. ಹೊಳೆವ್ವ ಕಾಲಿಡಬಾರದ ಆ ಒಂದು ವರ್ಷ ಇನ್ನೂ ತುಂಬಿರಲಿಲ್ಲ. ಮಣ್ಣು ಮಾಡಿದ ಸುದ್ದಿಯನ್ನು ಸೇತುವೆ ದಾಟುವ ಒಬ್ಬ ಬಳೆಗಾರನ ಕೈಯಲ್ಲಿ ಹೇಳಿ ಕಳಿಸಿದೆ. ಮುಟ್ಟಿತೋ ಇಲ್ಲವೋ ಗೊತ್ತಿಲ್ಲ. ಹೊಳೆವ್ವ ಮತ್ತೆ ಬರಲಿಲ್ಲ. ಈ ಊರಿನಲ್ಲಿ ಆಕೆಗೆ ಯಾರಿದ್ದರು? ಕಳಿಸಿ ಬರಲಿಕ್ಕೂ ಹೋಗದ ಒಬ್ಬ ಹುಡುಗ. ಲಾಡ್ಜಿನ ಸಾಹೇಬ ಈಗಲೂ ಇದ್ದಾನೆ. ಬಾಲ್ಕನಿಯಲ್ಲಿ ಕೂತು ಅಂಗೈಯನ್ನು ನೆರಳಿಗೆ ಹಿಡಿದಿರುತ್ತಾನೆ. ಆತನ ಕೊಕ್ಕರೆ ಕಪ್ಪಗೆ ಮಿಂಚುತ್ತದೆ. ಆ ಕೈ ನೋಡಿದಾಗಲೆಲ್ಲ ನನ್ನ ರಕ್ತ ಕುದಿಯುತ್ತದೆ, ಆದರೆ ಮೊದಲಿನ ಹಾಗೆ ಅಲ್ಲ. ಅದು ಯಾರ ತಲೆಯ ಮೇಲೂ ಬಿದ್ದ ಕೈ ಅಲ್ಲ ಎಂದು ಈಗ ಗೊತ್ತಿದೆ.

ಹೊಳೆವ್ವ ಹೋದ ಆ ದಿನ ಗಂಟೆ ನಿಂತ ಮೇಲೆ ಒಳಗೆ ಹೋದೆ. ಮಗ್ಗುಲು ಬದಲಿಸುವ ಹೊತ್ತಾಗಿತ್ತು, ಬೇರೆ ಯಾರು ಬದಲಿಸಬೇಕು? ಫಕೀರವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬಿಗಿಯಾದ, ನುಣ್ಣಗಿನ ಹೆರಳು ದಿಂಬಿನ ಮೇಲೆ ಬಿದ್ದಿತ್ತು. ಹಣೆಯ ಅಂಚಿನಲ್ಲಿ ಎಣ್ಣೆ ಇಳಿದಿತ್ತು. ನಾನು ಬೆನ್ನಿನ ಕೆಳಗೆ ಕೈ ಕೊಟ್ಟು ಈ ಕಡೆ ಹೊರಳಿಸಿದೆ. ಕಣ್ಣು ತೆರೆದೇ ಇತ್ತು. ಅತ್ತಿರಬೇಕು ಎಂದುಕೊಂಡಿದ್ದೆ. ಅತ್ತಿರಲಿಲ್ಲ.

"ಏನ್ ಬೇಕು ಆಯೀ?" ಎಂದೆ. ನನ್ನ ದನಿ ಇನ್ನೂ ಒರಟಾಗಿಯೇ ಇತ್ತು.

ವಾರೆ ಬಾಯಿಯಿಂದ, ನನಗೆ ತಿಳಿಯಲಿ ಎಂದು ಒಂದೊಂದೇ ಶಬ್ದ ಬಿಡಿಸಿ ಹೇಳಿದಳು.

"ಆ ಕೈ... ಬೆಚ್ಚಗ ಇತ್ತೋ."